ಮುನಿಸಿಕೊಂಡ ಮಾವನ ಚಿತ್ರ

ನನ್ನ ಕಾಮಿಕ್ಸ್ ಹುಟ್ಟಿದ್ದು ಸಿಂದಗಿಯ ನಮ್ಮ ಅಡುಗೆಮನೆಯಲ್ಲಿ, ಬಿರುಕು ಬಿಟ್ಟ ಫೋನಿನ ಗಾಜಿನ ಮೇಲೆ, ಬೆರಳಿನಿಂದ. ದೊಡ್ಡ ಕಲಾವಿದರಿಗೆ ಸ್ಫೂರ್ತಿ ಬೇಕಂತೆ. ನನಗೆ ಬಂಧುಬಳಗವಿತ್ತು, ಸಾಕಾಗಿತ್ತು. ಗುಟ್ಟಾಗಿರಲಿ ಎಂದು ಸುಳ್ಳು ಹೆಸರಿನಲ್ಲಿ ಖಾತೆ ತೆರೆದೆ. ಫೋನಿನಲ್ಲಿರುವ ನಂಬರುಗಳನ್ನು ನೋಡಬಹುದೇ ಎಂದು ಆ್ಯಪ್ ಬಹಳ ವಿನಯದಿಂದ ಕೇಳಿತು, ಹ್ಞೂಂ ಎಂದೆ. ಸಂಜೆಯೊಳಗೆ ಅದು ಇಂಡಿಯಿಂದ ಆಲಮೇಲದವರೆಗಿನ ಬಳಗಕ್ಕೆಲ್ಲ "ಇವರು ನಿಮಗೆ ಗೊತ್ತಿರಬಹುದು" ಎಂದು ಡಂಗುರ ಸಾರಿತ್ತು.

ಮೊದಲು ಬಿಡಿಸಿದ್ದು ಅಪ್ಪನ ತಮ್ಮ ಕಾಕಾನನ್ನು. ಯಾರ ಮನೆಯ ಕಾರ್ಯವಾದರೂ ಮೈಕ್ ಹಿಡಿಯುವವನು ಅವನೇ. ನನ್ನ ಚಿತ್ರದಲ್ಲಿ ನಿದ್ದೆಯಲ್ಲೂ ಮೈಕ್ ತಬ್ಬಿಕೊಂಡು, "ದಯವಿಟ್ಟು ಯಾರೂ ಊಟಾ ಮಾಡದ ಹೋಗಬ್ಯಾಡ್ರಿ" ಎಂದು ಕನವರಿಸುತ್ತಿದ್ದ. ಮರುದಿನ ಅವನು ಬಾಗಿಲಲ್ಲಿ ನಿಂತಾಗ ನಾನು ಫೋನನ್ನು ಹಿಟ್ಟಿನ ಡಬ್ಬಿಯ ಹಿಂದೆ ಸರಿಸಿದೆ.

"ಹೊಟ್ಟಿ ಒಂದೀಟು ಕಡಿಮಿ ಮಾಡಬೇಕಿತ್ತವಾ," ಎಂದ. ಅಷ್ಟೇ. ವಾಟ್ಸಾಪಿನಲ್ಲಿ ಅವನ ಫೋಟೋ ಇದ್ದ ಜಾಗದಲ್ಲಿ ಆ ಚಿತ್ರ ಬಂದು ಕೂತಿತ್ತು.

ಒಂದು ತಾಸಿಗೆಂದು ಬಂದು ವಾರಗಟ್ಟಲೆ ಉಳಿಯುವ ಆಲಮೇಲದ ಅತ್ತೆಯನ್ನು ಬಿಡಿಸಿದೆ. ಸೀರೆಯ ಅಂಚು ಕಾಣುತ್ತಿಲ್ಲ ಎಂಬುದಷ್ಟೇ ಅವಳ ತಕರಾರು.

ನಮ್ಮ ಕಡೆ ಲಗ್ನಪತ್ರವೆಂದರೆ ಆಮಂತ್ರಣ ಎಂದು ತಿಳಿದವರು ಶುದ್ಧ ಮುಗ್ಧರು. ಅದು ಬಳಗದ ಹಾಜರಿ. ಅಜ್ಜನ ತಮ್ಮನ ಮೊಮ್ಮಗನ ಹೆಸರು ಬಿಟ್ಟುಹೋದರೂ ಆ ಮನೆಯವರು ನಮ್ಮಲ್ಲಿ ನೀರು ಮುಟ್ಟುವುದಿಲ್ಲ. ನನ್ನ ಕಾಮಿಕ್ಸನ್ನೂ ಎಲ್ಲರೂ ಹಾಗೆಯೇ ಓದತೊಡಗಿದರು: ಯಾರು ಬಂದಿದ್ದಾರೆ, ಯಾರು ಬಂದಿಲ್ಲ. ನಾನು ಬೆವರು ಸುರಿಸಿ ಹೊಸೆದ ಹಾಸ್ಯ ಯಾರಿಗೂ ಬೇಕಾಗಿರಲಿಲ್ಲ.

ಬಂದಿರದವನು ಒಬ್ಬನೇ. ಇಂಡಿಯ ಸೋದರಮಾವ, ಅವ್ವನ ಅಣ್ಣ. ನನ್ನ ತಂಗಿಯ ಮದುವೆಗೆ ಇನ್ನೊಂದೇ ವಾರವಿದೆ ಎನ್ನುವಾಗ ಅವ್ವನಿಗೆ ಫೋನ್ ಮಾಡಿದ.

"ತಂಗೆವ್ವಾ, ನಿನ್ನ ಮಗಳು ಎಲ್ಲಾರ ಚಿತ್ರಾ ತಗದಾಳ. ಹಿತ್ತಲದಾಗಿನ ಎಮ್ಮೀದೂ ತಗದಾಳ. ನಾ ಲೆಕ್ಕಕ್ಕ ಇಲ್ಲಂದಮ್ಯಾಲ ಅಕ್ಕಿಕಾಳಿಗೆ ಯಾಕ ಬರ್ಲಿ?"

ಅಕ್ಕಿಕಾಳೆಂದರೆ ಮದುವೆಯ ಅಕ್ಷತೆ; ಅದಕ್ಕೆ ಮದುಮಗಳನ್ನು ಕೈಹಿಡಿದು ಹಂದರಕ್ಕೆ ಕರೆತರಬೇಕಾದವನೇ ಅವನು. ಅವ್ವ ಮುರಿದ ರೊಟ್ಟಿಯನ್ನು ಹಾಗೇ ತಾಟಿನಲ್ಲಿ ಬಿಟ್ಟಳು. "ನನ್ನ ತವರಮನಿ ಅಂತ ಉಳದಾಂವ ಅಣ್ಣ ಒಬ್ಬನ," ಎಂದಳು. "ನಿನ್ನ ಗೊಂಬಿ ಆಟಕ್ಕ ಅದೂ ಹೋತು."

ನನಗೆ ಸಿಟ್ಟು ಬಂತು. ಅವಮಾನ ಮಾಡಿಲ್ಲವೆಂದು ಮುನಿಸಿಕೊಳ್ಳುವ ಜನ ಬೇರೆಲ್ಲಿ ಸಿಕ್ಕಾರು? ಅಪ್ಪ ತೀರಿಕೊಂಡ ಮೇಲೆ ವರ್ಷವರ್ಷ ನಮ್ಮ ಮನೆಗೆ ಜೋಳದ ಚೀಲ ತಂದಿಳಿಸಿ, ಚಹಾ ಕುಡಿದು, ಮಾತಿಲ್ಲದೆ ಬಸ್ಸು ಹತ್ತಿದ ಮನುಷ್ಯ ಆ ಮಾವ. ಅವನನ್ನು ಗೇಲಿ ಮಾಡಲು ಬೆರಳು ಏಳುತ್ತಿರಲಿಲ್ಲ. ಪ್ರೀತಿ ಕಾಮಿಕ್ಸಿನ ಕೆಲಸಕ್ಕೆ ಬಾರದ ಸಾಮಾನು.

ಕೊನೆಗೆ ಅವನೇ ಒದಗಿಸಿದ ವಿಷಯವನ್ನು ಬಿಡಿಸಿದೆ. ಮಾವ ಮುಖ ಉಬ್ಬಿಸಿ, ಕೈಕಟ್ಟಿ, ಗೋಡೆಯ ಕಡೆ ತಿರುಗಿ ಕೂತಿದ್ದಾನೆ. ಕಾಕಾ ಮೈಕಿನಲ್ಲಿ ಕರೆಯುತ್ತಿದ್ದಾನೆ, ಅತ್ತೆ ಸೀರೆಯ ಅಂಚು ಹರಡಿಕೊಂಡು ಕರೆಯುತ್ತಿದ್ದಾಳೆ, ಎಮ್ಮೆಯೂ ಕರೆಯುತ್ತಿದೆ. ಮದುಮಗಳು ಅವನ ಬೆನ್ನ ಹಿಂದೆ ಕೈ ಚಾಚಿ ನಿಂತಿದ್ದಾಳೆ. ಅದನ್ನು ಹಂಚಿಕೊಂಡೆ. ಬಳಗವೆಲ್ಲ ಹೃದಯದ ಗುರುತು ಒತ್ತಿತು. ಇಂಡಿಯಿಂದ ಮಾತ್ರ ಸುದ್ದಿಯಿಲ್ಲ.

ಮದುವೆಯ ದಿನ ಕಾಕಾ ಮೈಕಿನಲ್ಲಿ ಸೋದರಮಾವನನ್ನು ಕೂಗುತ್ತಲೇ ಇದ್ದ. ಅವ್ವ ರಸ್ತೆಯನ್ನೇ ನೋಡುತ್ತಿದ್ದಳು. ಕಡೆಗೂ ಬಂದ, ಹೊಸ ರುಮಾಲು ಸುತ್ತಿಕೊಂಡು. ಯಾರನ್ನೂ ಮಾತಾಡಿಸದೆ ಕುರ್ಚಿಯೊಂದನ್ನು ಮನೆಯ ಗೋಡೆಯ ಹತ್ತಿರ ಎಳೆದು, ಮುಖ ಉಬ್ಬಿಸಿ, ಕೈಕಟ್ಟಿ, ಗೋಡೆಯ ಕಡೆ ತಿರುಗಿ ಕೂತ. ಹಂದರವೆಲ್ಲ ಬಿದ್ದು ಬಿದ್ದು ನಕ್ಕಿತು. ಅವ್ವನೂ ನಕ್ಕಳು. ತಂಗಿ ಹೋಗಿ ಬೆನ್ನ ಹಿಂದೆ ಕೈ ಚಾಚಿ ನಿಂತಳು. ಅವನು ತಿರುಗಲಿಲ್ಲ. ನಾಟಕ ಅತಿಯಾಯಿತೆಂದು ನಾನೇ ಹತ್ತಿರ ಹೋದೆ.

ರುಮಾಲಿನ ಚುಂಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ.

"ಒಂದೀಟು ತಡಿಯವಾ," ಎಂದ. "ಇದರ ಚಿತ್ರಾ ತಗೀಬ್ಯಾಡ ಮತ್ತ."