ಗುಡ್ಡದ ಮರೆಯಲ್ಲಿ ಕಂಡ ಮಳೆ

ನಾರಾವಿಯ ಪ್ರೇಮಾವತಿ ಹೆದರುವ ಹೆಂಗಸಲ್ಲ. ಹಾವು ಕಂಡರೂ ದಾರಿ ಬಿಟ್ಟು ನಿಲ್ಲುತ್ತಿದ್ದಳೇ ಹೊರತು ಓಡುತ್ತಿರಲಿಲ್ಲ. ಮೂಡಬಿದ್ರೆಯ ಗುಡ್ಡದ ಮೇಲೆ, ಮಳೆ ಪತ್ತೆ ಮಾಡುವ ರಾಡಾರಿನ ಕೆಲಸಕ್ಕೆ ಸೇರಿದ ಮೇಲೆಯೇ ಅವಳಿಗೆ ಹೆದರಿಕೆ ಎಂದರೇನೆಂದು ಗೊತ್ತಾದದ್ದು.

ಎಂಬತ್ತರ ದಶಕದ ಒಂದು ಏಪ್ರಿಲ್ ಸಂಜೆ. ಹೊರಗೆ ಬಿಸಿಲು ಇನ್ನೂ ಇಳಿದಿರಲಿಲ್ಲ. ಪರದೆಯ ಮೇಲೆ, ಬೆಳ್ತಂಗಡಿಯ ಆಚೆ ಘಟ್ಟದ ಉದ್ದಕ್ಕೂ, ಹಸಿರು ಬೆಳಕಿನ ದಪ್ಪ ಪಟ್ಟಿಯೊಂದು ಮೂಡಿತು.

"ಶೇಖರ ಸರ್, ಇದು ಮಳೆಯಾ?"

ಮೇಲಧಿಕಾರಿ ಶೇಖರ ಬಗ್ಗಿ ನೋಡಿದರು. "ಘಟ್ಟ ಅಲ್ವಾ ಅದು? ಮೇಲೆ ಬಿಸಿಗಾಳಿ ಕೂತ್ರೆ ರಾಡಾರಿನ ಅಲೆ ಕೆಳಗೆ ಬಾಗ್ತದೆ, ಗುಡ್ಡಕ್ಕೆ ತಾಗಿ ವಾಪಸ್ ಬರ್ತದೆ. ಕಳೆದ ವರ್ಷ ಇದನ್ನೇ ಮಳೆ ಅಂತ ಹೇಳಿ ನಗೆಪಾಟಲಾಗಿದ್ದೆವು."

ಆದರೆ ಆ ಹೊತ್ತಿಗೆ ಅವಳ ಗಂಡ ಧರ್ಣಪ್ಪ ಬೆಳ್ತಂಗಡಿಯ ಹತ್ತಿರ, ಬತ್ತಿದ ಹೊಳೆಯ ಮರಳಿನಲ್ಲಿ ಮುಳ್ಳುಸೌತೆಗೆ ಪಂಪಿನಿಂದ ನೀರು ಬಿಡುತ್ತಿದ್ದ. ಘಟ್ಟದಲ್ಲಿ ಜೋರು ಮಳೆ ಹೊಡೆದರೆ, ಕೆಳಗೆ ಒಂದು ಹನಿ ಬೀಳದೆಯೂ ಹೊಳೆ ನುಗ್ಗಿ ಬರುತ್ತದೆ.

"ತಟ್ಟೆ ಸ್ವಲ್ಪ ಮೇಲೆತ್ತಿ ನೋಡುವ ಸರ್. ಅಲೆ ಗುಡ್ಡದ ಮೇಲಿಂದ ಹೋಗ್ತದೆ, ಗುಡ್ಡವಾದ್ರೆ ಮಾಯ ಆಗ್ಬೇಕು."

ರಾಡಾರಿನ ತಟ್ಟೆ ಮೇಲೇರಿತು. ಪಟ್ಟಿ ಕರಗುತ್ತ ಬಂತು. ಪ್ರೇಮಾವತಿ ಉಸಿರು ಬಿಡುವಷ್ಟರಲ್ಲಿ, ನಡುವಿನ ಒಂದು ಗಂಟು ಮಾತ್ರ ಹಾಗೆಯೇ ಉಳಿಯಿತು. ಇನ್ನಷ್ಟು ಎತ್ತಿದರು. ಅದು ಕದಲಲಿಲ್ಲ.

ಶೇಖರರ ಮುಖ ಬಿಳುಚಿತು. "ಮಳೆ ಗುಡ್ಡದ ಮರೆಯಲ್ಲಿ ಇತ್ತು ಮಾರಾಯ್ರೇ! ನಾನು ಪೊಲೀಸರಿಗೆ ಹೇಳ್ತೇನೆ. ನೀವು ಹೊಳೆಬದಿಯವರಿಗೆ ಹೇಳಿ."

ಹೊಳೆಬದಿಯಲ್ಲಿ ಫೋನ್ ಇದ್ದದ್ದು ಅಬ್ದುಲ್ ರವೂಫ್ ಅವರ ಅಂಗಡಿಯಲ್ಲಿ ಮಾತ್ರ. ಪ್ರೇಮಾವತಿ ಮೂರು ಸಲ ನಂಬರ್ ತಿರುಗಿಸಿದಳು. ಕೊನೆಗೂ ಲೈನ್ ಸಿಕ್ಕಿತು.

"ರವೂಫಾಕ, ಹೊಳೆಯಲ್ಲಿರುವವರನ್ನೆಲ್ಲ ಮೇಲೆ ಕರೀರಿ! ನೀರು ಬರ್ತಾ ಉಂಟು!"

"ಇಲ್ಲಿ ಬಿಸಿಲುಂಟಲ್ಲ ತಂಗಿ?"

"ದಮ್ಮಯ್ಯ, ಕರೀರಿ!"

ಅವರು ಫೋನನ್ನು ಮೇಜಿನ ಮೇಲೆ ಬಿಟ್ಟು ಓಡಿದರು. ಅವರ ಕೂಗು ದೂರದೂರ ಹೋಯಿತು. ನಾಯಿಗಳು ಬೊಗಳಿದವು. ಆಮೇಲೆ ಏನೋ ಗುಡುಗಿದಂತಾಗಿ ಲೈನ್ ಸತ್ತಿತು. ಧರ್ಣಪ್ಪನಿಗೆ ಈಜು ಬರುತ್ತಿರಲಿಲ್ಲ.

ಕತ್ತಲಾಗುವಾಗ ಫೋನ್ ಹೊಡೆದುಕೊಂಡಿತು.

"ಪಂಪು ಹೋಯ್ತು ಮಾರಾಯ್ತಿ," ಬೆಳ್ತಂಗಡಿ ಪೇಟೆಯಿಂದ ಧರ್ಣಪ್ಪನ ಸ್ವರ. "ಸೌತೆಯೂ ಹೋಯ್ತು."

"ಜನ?"

"ಹೊಳೆಬದಿಯ ರುಖಿಯಮ್ಮನ ಎರಡು ಆಡು ಬಿಟ್ಟು ಎಲ್ಲರೂ ಮೇಲೆ ಇದ್ದೇವೆ."

ಅವಳು ಫೋನನ್ನು ಮೇಜಿನ ಮೇಲೆ ಬಿಟ್ಟು ಶೇಖರರಿಗೆ ಹೇಳಲು ಓಡಿದಳು. ಅವನು ಹಲೋ, ಹಲೋ ಎನ್ನುತ್ತಲೇ ಇದ್ದ.

ಅವಳು ಎಷ್ಟು ಬೇಡವೆಂದರೂ ಕೇಳದೆ ಮರುವರ್ಷವೂ ಧರ್ಣಪ್ಪ ಅದೇ ಮರಳಿನಲ್ಲಿ ಸೌತೆ ಹಾಕಿದ. ರಾಡಾರನ್ನು ಮೂಡಬಿದ್ರೆಯಿಂದ ಸಾಗಿಸುವ ತನಕ ಪ್ರೇಮಾವತಿ ಬೇಸಗೆಯ ಸಂಜೆ ಪಾಳಿಯನ್ನು ಯಾರಿಗೂ ಬಿಟ್ಟುಕೊಡಲಿಲ್ಲ.