ಐಸಾಳ ಹಾಡು

ನನ್ನ ಬೇಸ್ ಗಿಟಾರ್ ಇಲ್ಲದಿದ್ದರೆ ‘ಕೊನೆಯ ದೋಣಿ’ ಎಂಬ ಹಾಡು ಎರಡು ಸಾಲು ಕೂಡ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಇದನ್ನು ನಾನು ನಮ್ಮ ಬಂದರೂರಾದ ಗ್ರೀನಕ್‌ನ ಪ್ರತಿಯೊಂದು ಪಬ್ಬಿನಲ್ಲೂ ಹೇಳಿದ್ದೇನೆ. ಕೇಳಿ ಕೇಳಿ ಸಾಕಾಗಿ ಎರಡು ಪಬ್ಬುಗಳು ಬಾಗಿಲೇ ಹಾಕಿಕೊಂಡವು.

ಇರಲಿ, ನಾನು ಹೇಳಹೊರಟಿದ್ದು ಐಸಾ ಮೆಕ್‌ಫೇಲಳ ಕಥೆ. ಬಂದರಿನ ಹಿಂದಿನ ಬೀದಿಯ ಬೇಕರಿಯಲ್ಲಿ ಹಿಟ್ಟು ನಾದಿ, ಬನ್ನು ಸುಟ್ಟು, ಮಾಂಸದ ಪೈ ಮಾರಿಯೇ ಆಯುಷ್ಯ ಕಳೆದವಳು ಅವಳು. ಗಂಡ ವುಲ್ಲಿ ದೋಣಿಕಟ್ಟೆಯಲ್ಲಿ ಹಗ್ಗ ಕಟ್ಟುವವನು. ಆ ಬೇಕರಿಯ ಅಟ್ಟದಲ್ಲೇ ನಾವು ನಾಲ್ವರು ಹುಡುಗರು ‘ಒದ್ದೆ ಕೈಗವಸು’ ಎಂಬ ವಾದ್ಯತಂಡ ಕಟ್ಟಿದ್ದು. ನಮ್ಮೂರಿನ ಮಳೆಗೆ ಮೀನುಗಳೇ ದಡಕ್ಕೆ ಬಂದು ಬಸ್ಸಿಗೆ ಕಾಯುತ್ತವೆ. ಅಂಥಲ್ಲಿ ಕೆಳಗಿನ ಒಲೆಯ ಶಾಖ ಪುಕ್ಕಟೆ ಸಿಗುವ ಅಟ್ಟವೆಂದರೆ ಅರಮನೆ. ಹಾಡು ಬರೆದು ಹಾಡುವವನು ಅದೇ ಬೀದಿಯ ಟೀನಿಯ ಮಗ ಇನ್ನೆಸ್. ಹಾಡನ್ನು ಹೊತ್ತು ನಿಲ್ಲಿಸುವವನು ನಾನು.

‘ಕೊನೆಯ ದೋಣಿ’ ಗ್ರಾಮಫೋನ್ ತಟ್ಟೆಯಾಗಿ ಹೊರಬಂತು. ರೇಡಿಯೊದವರು ಒಂದು ವಾರ ಬಿಡದೆ ಹಾಕಿದರು. ಜಪಾನಿನ ಅಭಿಮಾನಿಗಳಿಂದ ಕೈಗವಸುಗಳು ಅಂಚೆಯಲ್ಲಿ ಬಂದವು, ಪಾಪ, ಒಣಗಿದ್ದವು. ಮೀನಿನ ವ್ಯಾನಿನಲ್ಲಿ ದೇಶವೆಲ್ಲ ಸುತ್ತಿದೆವು. ಅಬರ್ಡೀನಿನಿಂದ ಲಂಡನ್ನಿನವರೆಗೆ ಬೆಕ್ಕುಗಳು ಹಿಂದೆ ಬಂದವು, ಎಷ್ಟೋ ಊರುಗಳಲ್ಲಿ ಅವೇ ಸಭಿಕರು. ಲಂಡನ್ನಿನ ಕಂಪನಿಯೊಂದು, ಅಮ್ಮಂದಿರು ಹೆಣೆದ ಸ್ವೆಟರ್ ಬಿಚ್ಚಿ ತೊಗಲಿನ ಕೋಟು ತೊಡಿ ಎಂದಿತು. ತೊಟ್ಟೆವು. ಎರಡನೆಯ ತಟ್ಟೆಯನ್ನು ಬೆಕ್ಕುಗಳೂ ಕೊಳ್ಳಲಿಲ್ಲ. ಕೊನೆಗೆ ಹೆದ್ದಾರಿಯ ಹೋಟೆಲೊಂದರಲ್ಲಿ, ಒಂದೇ ತಟ್ಟೆ ಚಿಪ್ಸಿಗೆ ವಿನೆಗರ್ ಸುರಿಯಬೇಕೋ ಬೇಡವೋ ಎಂದು ಶುರುವಾದ ಜಗಳದಲ್ಲಿ ತಂಡ ಒಡೆಯಿತು. ಇನ್ನೆಸ್ ಲಂಡನ್ನಿನಲ್ಲೇ ಉಳಿದು ಸೋಪಿನ ಜಾಹೀರಾತಿಗೆ ರಾಗ ಕಟ್ಟಿದ. ನಾನು ಊರಿಗೆ ಬಂದು ಬಸ್ಸು ಓಡಿಸಿದೆ.

ಹೊಸ ವರ್ಷದ ದಿನ ಮಧ್ಯಾಹ್ನ ಟೀನಿಯ ಮನೆಯಲ್ಲಿ ಎಲ್ಲರೂ ಸೇರುತ್ತೇವೆ. ಪೈ ಖಾಲಿಯಾದ ಮೇಲೆ ಸರದಿಯ ಪ್ರಕಾರ ಒಬ್ಬೊಬ್ಬರೂ ಹಾಡಬೇಕು. ಒಬ್ಬರಿಗೆ ಒಂದೇ ಹಾಡು, ಸಾಯುವವರೆಗೂ ಅದೇ. ಪಕ್ಕದ ಮನೆಯವನ ಹೆಂಡತಿಗೆ ಮುತ್ತು ಕೊಟ್ಟರೆ ಹಬ್ಬದ ದಿನವೆಂದು ಬಿಟ್ಟಾರು. ಅವಳ ಹಾಡಿಗೆ ಬಾಯಿ ಹಾಕಿದರೆ ಬಿಡುವುದಿಲ್ಲ.

ಐಸಾಳಿಗೆ ಹಾಡೇ ಇರಲಿಲ್ಲ. ಸರದಿ ಹತ್ತಿರ ಬಂದಂತೆ ಅಡುಗೆಮನೆಗೆ ಜಾರಿ, ತೊಳೆದ ತಟ್ಟೆಗಳನ್ನೇ ಮತ್ತೆ ತೊಳೆಯುತ್ತಿದ್ದಳು. ನಮ್ಮ ತಂಡ ಒಡೆದ ವರ್ಷ ವುಲ್ಲಿ ಅವಳನ್ನು ಕೈಹಿಡಿದು ಎಳೆತಂದ. “ಹಿಟ್ಟು ನಾದ್ತಾ ಗುನುಗ್ತಿಯಲ್ಲ, ಅದನ್ನೇ ಹೇಳೇ,” ಎಂದ. ಅಟ್ಟದಿಂದ ಇಳಿದು ಅವಳ ಹಿಟ್ಟಿನಲ್ಲಿ ಬೆರೆತುಹೋಗಿದ್ದ ‘ಕೊನೆಯ ದೋಣಿ’ಯನ್ನು ಅವಳು ಹಾಡಿದಳು. ಅಂದಿನಿಂದ ಅದು ಅವಳದಾಯಿತು. ಪ್ರತಿವರ್ಷ ವುಲ್ಲಿ ಕುರ್ಚಿ ಹಿಂದಕ್ಕೆ ಸರಿಸಿ, “ಸುಮ್ನಿರ್ರೋ, ನಮ್ಮವಳು ಬಂದ್ಲು,” ಎನ್ನುತ್ತಿದ್ದ.

ವುಲ್ಲಿ ತೀರಿಕೊಂಡ. ಅವನಿಲ್ಲದ ಮೊದಲ ಹೊಸ ವರ್ಷ, ಹೋದ ಸಲ, ಐಸಾ ಹಾಡದೆ ಮತ್ತೆ ತಟ್ಟೆ ತೊಳೆದಳು. ಈ ಸಲ ಟೀನಿ ನನ್ನನ್ನು ಬಾಗಿಲಲ್ಲೇ ತಡೆದಳು.

“ನೋಡು ಹ್ಯೂಯಿ, ಇವತ್ತೂ ಹಾಡ್ಲಿಲ್ಲ ಅಂದ್ರೆ ಅವಳಿನ್ನು ಹಾಡಲ್ಲ. ಗಂಡನ ಜೊತೆ ಅದನ್ನೂ ಮಣ್ಣು ಮಾಡಿಬಿಡ್ತಾಳೆ.”

ಟೀನಿಗೆ ಈಗ ತೊಂಬತ್ತು. ಅವಳ ಮಾತಿಗೆ ಹಡಗುಗಳೂ ದಿಕ್ಕು ಬದಲಿಸುತ್ತವೆ.

ಅದೇ ದಿನ, ಹೊಸ ವರ್ಷಕ್ಕೆಂದು ಎಷ್ಟೋ ಕಾಲದಿಂದ ಬರದಿದ್ದ ಇನ್ನೆಸ್ ಗಿಟಾರಿನೊಂದಿಗೆ ಬಂದಿದ್ದ. ಸುದ್ದಿ ತಿಳಿದು ನಾನೂ ನನ್ನ ಬೇಸನ್ನು, ಹಸುವಿನಷ್ಟು ಭಾರದ ಅದರ ಸ್ಪೀಕರ್ ಪೆಟ್ಟಿಗೆಯನ್ನು ಹೊತ್ತು ತಂದಿದ್ದೆ. ಐಸಾಳಿಗಿಂತ ಮೊದಲು ಇನ್ನೆಸನ ಸರದಿ ಬಂತು. ಅವನು ಸಹಜವಾಗಿ, ತನ್ನದೇ ಹಾಡಲ್ಲವೇ ಎಂದು, ‘ಕೊನೆಯ ದೋಣಿ’ಯ ತಂತಿ ಮೀಟಿದ.

ಚಮಚಗಳು ನಿಂತವು. ಮೇಜಿನಡಿಯ ನಾಯಿ ಎದ್ದು ಹೊರಗೆ ಹೋಯಿತು. ಐಸಾ ಮೆಲ್ಲನೆ ತಟ್ಟೆಗಳನ್ನು ಜೋಡಿಸಿಕೊಂಡು ಅಡುಗೆಮನೆಯತ್ತ ನಡೆದಳು.

“ನಿಲ್ಸೋ,” ಎಂದಳು ಟೀನಿ. “ಅದು ಐಸಾಳ ಹಾಡು.”

“ಅಮ್ಮಾ, ಅದನ್ನ ಬರ್ದಿದ್ದು ನಾನು.”

“ಬರ್ದಿರ್ಬಹುದು. ನಿನ್ನ ಹೆತ್ತಿದ್ದು ನಾನು. ಹಾಗಂತ ನಿನ್ ಪ್ಯಾಂಟು ನಾನು ಹಾಕ್ಕೊಂಡು ತಿರುಗ್ತೀನಾ?”

ಇನ್ನೆಸನ ಕಿವಿ ಕೆಂಪಾಯಿತು. ಗಿಟಾರನ್ನು ಗೋಡೆಗೆ ಒರಗಿಸಿ ಬಾಗಿಲತ್ತ ತಿರುಗಿದ. “ಐಸಾ, ನಂಗೆ ಗೊತ್ತಿರ್ಲಿಲ್ಲ. ನೀನೇ ಹಾಡು.”

“ಬೇಡ ಬಿಡಪ್ಪ. ಕೇಳೋನೇ ಹೋದ.”

ಇನ್ನೆಸ್ ಕುರ್ಚಿಯಲ್ಲಿ ಕುಳಿತ.

“ನಾನಿನ್ನೂ ಕೇಳೇ ಇಲ್ವಲ್ಲ,” ಎಂದ.

ಐಸಾ ಅವನನ್ನೇ ನೋಡಿದಳು. ಆಮೇಲೆ, ತಟ್ಟೆಗಳನ್ನು ಎದೆಗೆ ಆನಿಸಿಕೊಂಡು, ಅಲ್ಲೇ ಬಾಗಿಲಲ್ಲಿ ನಿಂತು ಶುರುಮಾಡಿದಳು. ನಾವು ಓಡೋಡಿ ನುಡಿಸಿದ್ದ ಹಾಡನ್ನು ಅವಳು, ಹಿಟ್ಟು ಉಬ್ಬುವುದನ್ನು ಕಾಯುವವಳ ಹಾಗೆ ನಿಧಾನವಾಗಿ ಹಾಡಿದಳು. ಹಾಡಿನಲ್ಲಿ, ಕೊನೆಯ ದೋಣಿ ತಪ್ಪಿಹೋದ ಹುಡುಗ ಮಳೆಯಲ್ಲಿ ತನ್ನ ಹುಡುಗಿಯ ಬೀದಿಗೆ ಬರುತ್ತಾನೆ. ಇನ್ನೆಸ್ ಬರೆದದ್ದರಲ್ಲಿ ಅವನು ಬಾಗಿಲು ತಟ್ಟದೆ ಹಿಂದಿರುಗುತ್ತಾನೆ. ಐಸಾ ಹಾಡಿದಾಗ ಬಾಗಿಲು ತೆರೆದೇ ಇತ್ತು, ಒಲೆಯ ಮೇಲೆ ಚಹಾ ಇತ್ತು.

ಇನ್ನೆಸ್ ಕನ್ನಡಕ ಒರೆಸಿಕೊಂಡ.

“ಆ ಕೊನೇ ಸಾಲು ನಾನು ಬರ್ದಿದ್ದಲ್ಲ.”

“ಗೊತ್ತು,” ಎಂದಳು ಐಸಾ. “ಹುಡುಗನ್ನ ಮಳೇಲಿ ಬಿಟ್ಟು ಬರೋಕೆ ಮನಸ್ಸಾಗ್ಲಿಲ್ಲ. ವುಲ್ಲಿ ಕೂಡ ಮೊದಲ್ನೇ ಸಲ ನನ್ನ ಬಾಗಿಲಿಗೆ ಹಾಗೇ ನೆಂದ್ಕೊಂಡು ಬಂದಿದ್ದ.”

“ಆಯ್ತಲ್ಲ, ಈಗ ನಿಂದು,” ಎಂದು ಟೀನಿ ಮಗನಿಗೆ ಚಮಚ ತೋರಿಸಿದಳು. “ಹೆಬ್ಬಾತಿನ ಹಾಡು. ಆರು ವರ್ಷದೋನಿದ್ದಾಗಿಂದ ನಿನ್ನ ಹೆಸರಲ್ಲೇ ಇಟ್ಟಿದೀವಿ, ಇನ್ಯಾರೂ ಮುಟ್ಟಿಲ್ಲ.”

ತಲೆ ನರೆತ ಇನ್ನೆಸ್ ಕುರ್ಚಿಯ ಮೇಲೆ ಹತ್ತಿ ನಿಂತು, ಎರಡೂ ತೋಳು ಬಡಿಯುತ್ತ ಹೆಬ್ಬಾತಿನಂತೆ ಕೂಗಿ ಹಾಡಿದ. ಐಸಾ ನಕ್ಕು ನಕ್ಕು ತಟ್ಟೆಗಳನ್ನು ಕೆಳಗಿಟ್ಟಳು.

ಹೊರಡುವಾಗ ಅವಳಿಗೆ ಕೋಟು ಹಿಡಿದುಕೊಟ್ಟೆ. ಅಷ್ಟು ಭಾರ ಹೊತ್ತು ತಂದದ್ದು ವ್ಯರ್ಥವಾಯಿತಲ್ಲ ಎಂಬ ಸಂಕಟ ನನಗೆ.

“ಚೆನ್ನಾಗಿತ್ತು ಐಸಾ. ಆದ್ರೂ ನನ್ ಬೇಸ್ ಸೇರಿದ್ದಿದ್ರೆ ಅದರ ಗತ್ತೇ ಬೇರೆ. ನೆನಪಿದ್ಯಾ, ಅಟ್ಟದಲ್ಲಿ ಗುಡುಗುಡು ಅಂತ, ನಿಮ್ಮ ಗೋಡೆಯೆಲ್ಲ ನಡುಗ್ತಿತ್ತಲ್ಲ?”

ಐಸಾ ಗುಂಡಿ ಹಾಕಿಕೊಳ್ಳುತ್ತಿದ್ದವಳು ನಿಲ್ಲಿಸಿದಳು.

“ಅದು ನೀನಾ ಹ್ಯೂಯಿ? ನಾನು ಹಿಟ್ಟು ಕಲ್ಸೋ ಮಿಷಿನ್ನು ಅಂದ್ಕೊಂಡು, ರಿಪೇರಿಯವನನ್ನ ಎರಡು ಸಲ ಕರೆಸಿದ್ನಲ್ಲೋ.”