ಜಪಾನಿ ಭಾಷೆಗೆ ಮುಯ್ಯಾಳು

ಡ್ಯೂಟಿ ಮುಗಿಸಿ, ಕೈಗಂಟಿದ ಸ್ಪಿರಿಟ್ ವಾಸನೆಯೊಂದಿಗೇ ಸಿಂಧನೂರಿನಲ್ಲಿ ಮಸ್ಕಿಯ ಬಸ್ಸು ಹತ್ತಿದೆ. ಫೋನಿನಲ್ಲಿ ಜಪಾನಿ ಪಾಠ ತೆರೆದರೆ ಮೊದಲಿಗೇ ಒಂದು ಕಾಂಜಿ, ಅಂದರೆ ಅವರ ಚಿತ್ರಾಕ್ಷರ: ಮರಕ್ಕೆ ಒರಗಿದ ಮನುಷ್ಯ. ವಿಶ್ರಾಂತಿ ಎಂದು ಅರ್ಥ. ನಿಮಗೆ ನಗು ಬಂದೀತು, ಕಾಲು ಸೋತಿದ್ದ ನನಗೆ ಅವನ ಮೇಲೆ ಹೊಟ್ಟೆಕಿಚ್ಚಾಯಿತು.

ಅವನನ್ನು ಮೊದಲು ತೋರಿಸಿದವಳು ಪಾಮನಕಲ್ಲೂರಿನ ಶಿವಲೀಲಾ. ನನ್ನಂತೆಯೇ ನರ್ಸು. ಭಾಷೆಯ ಪರೀಕ್ಷೆ ಪಾಸಾದರೆ ಜಪಾನಿನಲ್ಲಿ ಮುದುಕರನ್ನು ನೋಡಿಕೊಳ್ಳುವ ಕೆಲಸ ಸಿಗುತ್ತದೆಂದು ಯಾರೋ ಹೇಳಿದ್ದರು. ಹೋದರೆ ಇಬ್ಬರೂ ಕೂಡಿಯೇ ಎಂದು ಮಾತಾಯಿತು. ಅವಳಿಲ್ಲದ ಜಪಾನು ನನ್ನ ಊಹೆಗೇ ನಿಲುಕುತ್ತಿರಲಿಲ್ಲ.

ಪ್ರತಿ ಶಬ್ದವನ್ನೂ ಅದರ ಅಕ್ಷರದ ಜೊತೆಗೇ ಕಲಿಯಿರಿ ಎಂದು ನಾವು ಸೇರಿದ್ದ ಜಪಾನಿ ಕ್ಲಾಸಿನ ಮೇಡಂ ಬಾಯಿ ನೋಯುವಷ್ಟು ಹೇಳಿದ್ದರು. ಶಿವಲೀಲಾ ಕೇಳಬೇಕಲ್ಲ!

"ನಮ್ಮೂರಾಗ ಕಳೆ ತೆಗಿಯಾಕ ಮುಯ್ಯಾಳು ಹೋಗಂಗಿಲ್ಲೇನ? ಇವತ್ತ ಅವರು ನಮ್ಮ ಹೊಲಕ್ಕ, ನಾಳೆ ನಾವು ಅವರ ಹೊಲಕ್ಕ. ಹಂಗ ಮಾಡೂಣು. ನೀ ಮಾತು ಕಲಿ, ನಾ ಅಕ್ಷರ ಕಲೀತೀನಿ. ಆಮ್ಯಾಲ ಒಬ್ಬರಿಗೊಬ್ಬರು ಕಲಿಸಿದ್ರಾತು."

ದಣಿದವರಿಗೆ ಅರ್ಧ ಕೆಲಸವೆಂದರೆ ಹೋಳಿಗೆ ಉಂಡಷ್ಟು ಸುಖ. ನಾನು ರೊಟ್ಟಿ ಬಡಿಯುತ್ತ ಶಬ್ದ ಬಾಯಿಪಾಠ ಮಾಡಿದೆ. "ಯಾರಿಗೆ ಬೈಯಾಕತ್ತಿ?" ಎಂದಳು ಅವ್ವ. ಶಿವಲೀಲಾ ಔಷಧಿ ಡಬ್ಬಿಯ ರಟ್ಟಿನ ಮೇಲೆ ಅಕ್ಷರ ತಿದ್ದಿದಳು. ಒಬ್ಬರಿಗೊಬ್ಬರು ಕಲಿಸುವ ದಿನ ಮಾತ್ರ ಬರಲಿಲ್ಲ. ಅವಳಿಗೆ ಹಗಲು ಡ್ಯೂಟಿ ಇದ್ದರೆ ನನಗೆ ರಾತ್ರಿ. ಎತ್ತು ಏರಿಗೆ, ಕೋಣ ನೀರಿಗೆ.

ಪರೀಕ್ಷೆಯಲ್ಲಿ ಕೇಳಿಸಿದ್ದೆಲ್ಲ ನನಗೆ ತಿಳಿಯಿತು, ಹಾಳೆಯ ಮೇಲಿನದು ಬರೀ ಗೆರೆ. ಅವಳಿಗೆ ಹಾಳೆ ತಿಳಿಯಿತು, ಕಿವಿಗೆ ಬಿದ್ದದ್ದು ಒಂದೂ ಇಲ್ಲ. ಇಬ್ಬರೂ ಫೇಲು.

"ನಮ್ಮಿಬ್ಬರ್ನೂ ಕೂಡಿಸಿದ್ರ ಒಬ್ಬಾಕಿ ಪಾಸಾಗ್ತಿದ್ಳು ನೋಡ ಬೇ" ಎಂದು ಬಸ್ ಸ್ಟ್ಯಾಂಡಿನಲ್ಲಿ ಶಿವಲೀಲಾ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಮುಂದೆ ಅವಳಿಗೆ ಲಿಂಗಸುಗೂರಿನ ಆಸ್ಪತ್ರೆಯೊಂದರಲ್ಲಿ ಖಾಯಂ ಕೆಲಸ ಸಿಕ್ಕಿತು, ಪಾಠ ಬಿಟ್ಟಳು. ಒಂದಿಲ್ಲೊಂದು ದಿನ ಮತ್ತೆ ಹಿಡಿದಾಳು ಎಂದುಕೊಂಡು, ಅವಳ ಪಾಲನ್ನೂ ಹೊತ್ತುಕೊಂಡು ನಾನು ಮೊದಲಿನಿಂದ ಶುರುಮಾಡಿದೆ. ಒಬ್ಬಳೇ ಕಲಿಯುವುದು ಬಹಳ ಬೇಸರದ ಕೆಲಸ.

ಈಗ ಮಸ್ಕಿಯ ಬಸ್ಸಿನಿಂದಲೇ ಅವಳಿಗೆ ಫೋನ್ ಮಾಡಿದೆ. "ಮರಕ್ಕ ಒರಗಿದಾವ ಸಿಕ್ಕಾನ ಇವತ್ತ. ಅದಕ್ಕ ಯಾಸುಮಿ ಅಂತಾರ. ನೆನಪೈತೇನ?"



"ಎಲ್ಲಾ ಮರ್ತೀನಿ ಬೇ. ಈ ಸಲ ಪಾಸಾದ್ರ ನೀ ಹೊಂಟುಬಿಡು. ನನ್ನ ದಾರಿ ಕಾಯಬ್ಯಾಡ."

ಕಾಯುತ್ತಿದ್ದೇನೆಂದು ನಾನು ಅವಳಿಗೆ ಎಂದೂ ಹೇಳಿರಲಿಲ್ಲ. ಹೂಂ ಎಂದೆ. ಆಮೇಲೆ ಮಸ್ಕಿ ಬರುವವರೆಗೂ ಅಕ್ಷರ, ಶಬ್ದ ಎರಡನ್ನೂ ಕೂಡಿಸಿ ಓದಿದೆ, ಮೊದಲ ಸಲ ನನ್ನೊಬ್ಬಳಿಗಾಗಿ.